ಯೆಮೆತು ಓಣಿಯ ಹಗುರ ಕೈ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಹರಿದಿಲ್ಲ. ಇಬಾದಾನ್ ನಗರದ ಯೆಮೆತು ಓಣಿಯಲ್ಲಿ, ತುಕ್ಕು ಹಿಡಿದ ತಗಡಿನ ಮಾಡಿನ ಕೆಳಗೆ, ಇಯಾ ರಲಿಯಾ ಜಗಲಿಯ ಮೇಲೆ ಕುಳಿತು ಅಂಗೈಯಲ್ಲಿ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆಯ ಉಂಡೆಯೊಂದನ್ನು ಕರಗಿಸುತ್ತಿದ್ದಾರೆ. ಅವರ ಮೊಣಕಾಲುಗಳ ನಡುವೆ ಗಿಡ್ಡ ಮಣೆಯ ಮೇಲೆ ನಾಲ್ಕು ವರ್ಷದ ಮಗುವೊಂದು ತೂಕಡಿಸುತ್ತಿದೆ. ಮರಳುಗಾಡಿನ ಕಡೆಯಿಂದ ಬೀಸುವ ಒಣಗಾಳಿಯ ತಿಂಗಳಿದು. ಎಲ್ಲರ ತುಟಿ ಒಡೆದಿದೆ, ಎಲ್ಲರ ಹುಬ್ಬಿನ ಮೇಲೂ ಸಣ್ಣ ಧೂಳು. ಇಂಥ ಗಾಳಿಯಲ್ಲಿ ಮಕ್ಕಳ ಕೂದಲು ಒಣಹುಲ್ಲಿನಂತೆ ಮುರಿಯುತ್ತದೆ. ಇಯಾ ಮೊದಲು ನೀರು ಚಿಮುಕಿಸುತ್ತಾರೆ, ಆಮೇಲೆ ಬೆಣ್ಣೆ, ಆಮೇಲೆ ಬೆರಳು. ಬಾಚಣಿಗೆ ಕೊನೆಗೆ. ಅದೂ ತುದಿಯಿಂದ ಹಿಡಿದು ಬುಡದ ಕಡೆಗೆ, ಒಂದೊಂದೇ ಬೆರಳಗಲ.

"ಬುಡದಿಂದ ಎಳೆಯೋದು ಕಳೆ ಕೀಳೋರು. ನಾನು ಬೆಳೆಸೋಳು," ಎನ್ನುತ್ತಾರೆ, ತಲೆಯೆತ್ತದೆ.

ಇಯಾ ಎಂದರೆ ತಾಯಿ. ಹಿರಿಯ ಮಗಳು ರಲಿಯಾಳ ತಾಯಿಯಾದ್ದರಿಂದ ಇಯಾ ರಲಿಯಾ. ಸಬಿತಿಯು ಎಂಬುದು ಅವರ ಸ್ವಂತ ಹೆಸರು ಎಂದು ನನಗೆ ಗೊತ್ತಾದದ್ದು ಮೊನ್ನೆ, ಈ ಲೇಖನಕ್ಕೆಂದು ಕೇಳಿದಾಗ. ಮೂವತ್ತು ವರ್ಷ ಅದೇ ಓಣಿಯಲ್ಲಿ ಓಡಾಡಿದವಳು ನಾನು. ಅವರ ತಲೆಯನ್ನೂ ನಾನು ಒಮ್ಮೆಯೂ ಬರಿದಾಗಿ ನೋಡಿಲ್ಲ. ಮಲಗುವಾಗಲೂ, ಮೊಮ್ಮಗುವಿನ ನಾಮಕರಣಕ್ಕೂ, ಸುಡು ಬಿಸಿಲಿಗೂ ಹಣೆಯ ಅರ್ಧದವರೆಗೆ ಬಿಗಿದ ನೀಲಿ ವಸ್ತ್ರ. ಊರಿನ ತಲೆಗಳನ್ನೆಲ್ಲ ಸಿಂಗರಿಸುವವರು ತಮ್ಮದನ್ನೇಕೆ ಮುಚ್ಚಿಡುತ್ತಾರೆ ಎಂದು ಓಣಿಯ ಹೆಂಗಸರು ಚುಡಾಯಿಸಿದರೆ, ಅಡುಗೆಯವಳ ಹೊಟ್ಟೆ ಯಾರಾದರೂ ನೋಡುತ್ತಾರೆಯೇ ಎಂದು ನಕ್ಕು ಸುಮ್ಮನಾಗುತ್ತಾರೆ.

ಐವತ್ತೆಂಟು ವರ್ಷ. ಅದರಲ್ಲಿ ನಲವತ್ತೊಂದು ವರ್ಷ ಇದೇ ಮಣೆಯ ಹಿಂದೆ. ವಾರದ ದಿನಗಳಲ್ಲಿ ನಾಲ್ಕೈದು ತಲೆ. ಶನಿವಾರ, ಭಾನುವಾರ ಸೇರಿ ಮೂವತ್ತರ ಹತ್ತಿರ, ಮಗಳು ರಲಿಯಾಳ ಕೈಯೂ ಸೇರಿದರೆ. ಭಾನುವಾರ ಸಂಜೆಯ ಹೊತ್ತಿಗೆ ಹೆಬ್ಬೆರಳು ಮಡಚಲು ಬರುವುದಿಲ್ಲ, ಸೋಮವಾರ ಬಿಸಿನೀರಿನಲ್ಲಿ ಅದ್ದಿಡುತ್ತಾರೆ. ಒಂದು ಮಗುವಿನ ತಲೆಗೆ ಒಂದು ಬ್ರೆಡ್ಡಿನ ಬೆಲೆ. ಅದನ್ನು ಅವರು ಏರಿಸಿಲ್ಲ, ಬ್ರೆಡ್ಡೇ ಏರಿದೆ.

ಈ ಊರಿನ ಶಾಲೆಗಳಲ್ಲಿ ಹುಡುಗಿಯರ ತಲೆಗೂ ವೇಳಾಪಟ್ಟಿ ಇದೆ. ಮೂರು ತಿಂಗಳ ಶಾಲಾ ಅವಧಿಯ ಮೊದಲ ದಿನವೇ ಪಟ್ಟಿ ಮನೆಗೆ ಬರುತ್ತದೆ. ಹದಿಮೂರು ವಾರ, ವಾರಕ್ಕೊಂದು ಜಡೆ. ಪಟೇವೋ ಎಂದರೆ ಎರಡೂ ಕಡೆಯ ಸಾಲುಜಡೆಗಳು ನಡುನೆತ್ತಿಯಲ್ಲಿ ಚಪ್ಪಾಳೆ ತಟ್ಟಿದಂತೆ ಕೂಡಬೇಕು. ಕೊಲೆಸೆ ಎಂದರೆ ಕಾಲಿಲ್ಲದ್ದು. ಹಣೆಯಿಂದ ಹೊರಟ ಸಾಲು ಹೆಡತಲೆಯಲ್ಲಿ ಬಾಲವಿಲ್ಲದೆ ಮುಗಿಯಬೇಕು. ಶುಕು ಎಂದರೆ ಬುಟ್ಟಿ. ಹಣೆ, ಕಿವಿ, ಹೆಡತಲೆ ಎಲ್ಲ ಕಡೆಯಿಂದ ಸಾಲುಗಳು ಮೇಲಕ್ಕೇರಿ ನೆತ್ತಿಯ ಮೇಲೆ ಗಂಟಾಗಬೇಕು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಶಾಲೆಯೇ ಒಂದೇ ತಲೆಯಾಗಿ ಕಾಣುತ್ತದೆ. ತಪ್ಪು ಜಡೆಯ ಹುಡುಗಿಯರು ಗೋಡೆಯ ಬಳಿ ನಿಲ್ಲಬೇಕು. ಟೀಚರು ಬಾಚಣಿಗೆಯ ಬಾಲದಿಂದ ಒಂದೆರಡು ಸಾಲು ಬಿಚ್ಚಿಬಿಡುತ್ತಾರೆ. ಹಾಗೆಯೇ ಅರ್ಧ ಬಿಚ್ಚಿದ ತಲೆಯಲ್ಲಿ ಇಡೀ ದಿನ ಕೂರಬೇಕು.

ಇಯಾಗೆ ಓದು ಬರಹ ಬರುವುದಿಲ್ಲ. ಮೂರು ಶಾಲೆಗಳ ಪಟ್ಟಿಯನ್ನು ಯಾರಿಂದಲಾದರೂ ಒಮ್ಮೆ ಓದಿಸಿಕೊಂಡು ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಾರೆ. ಶಾಲೆಗೊಂದು ಸಾಲು, ಸಾಲಿಗೆ ಹದಿಮೂರು ಸಣ್ಣ ಸಣ್ಣ ತಲೆ, ತಲೆಯೊಳಗೆ ಜಡೆ ಹೋಗುವ ದಿಕ್ಕಿಗೆ ಗೆರೆ. ವಾರ ಮುಗಿದಂತೆ ಒಂದೊಂದು ತಲೆಯ ಮೇಲೆ ಅಡ್ಡಗೀಟು. ಓಣಿಯ ತಾಯಂದಿರು ಮನೆಗೆ ಬಂದ ಕಾಗದವನ್ನು ನೋಡುವುದಿಲ್ಲ, ಈ ಗೋಡೆಯನ್ನು ನೋಡುತ್ತಾರೆ.

ಈ ಸೋಮವಾರ ನಾನು ಬಂದದ್ದು ಅವರು ಬಿಡುವಾಗಿರುತ್ತಾರೆಂದು. ಆರು ಗಂಟೆಯ ಹೊತ್ತಿಗೆ ಓಣಿಯ ತುದಿಯ ಮನೆಯ ಹುಡುಗಿಯೊಬ್ಬಳು ನೀರಿನ ಬಕೆಟ್ಟು ಹೊತ್ತು ಜಗಲಿಯ ಮುಂದೆ ಹಾದುಹೋಗುತ್ತಾಳೆ. ಗುಡ್ಡದ ಮೇಲಿನ ಶಾಲೆಯ ಹುಡುಗಿ, ಜಡೆ ಹಾಕುವವಳು ಅವಳ ಸ್ವಂತ ಅತ್ತೆ. ಇಯಾಳ ಬೆರಳುಗಳು ನಿಲ್ಲುತ್ತವೆ.

"ನಿಲ್ಲು. ಬಕೆಟ್ ಇಳಿಸು. ಏನದು ತಲೇಲಿ?"

"ಶುಕು, ಇಯಾ."

"ಈ ವಾರ ಕೊಲೆಸೆ."

"ಇಲ್ಲ ಇಯಾ. ಎಂಟನೇ ವಾರ ಶುಕು. ರಜಾ ವಾರಾನೂ ಲೆಕ್ಕಕ್ಕೆ ಸೇರಿಸ್ತಾರಂತೆ. ಹೊಸ ಹೆಡ್‌ಮಿಸ್ಟ್ರೆಸ್ ಹೇಳಿದ್ರು."

ಕಳೆದ ವಾರ ಅವಧಿಯ ನಡುವಿನ ರಜೆ. ಕಳೆದ ವರ್ಷದವರೆಗೆ ರಜೆಯ ವಾರವನ್ನು ಆ ಶಾಲೆಯವರು ಎಣಿಸುತ್ತಿರಲಿಲ್ಲ. ಇಯಾ ಹಳೆಯ ಲೆಕ್ಕದಲ್ಲೇ ಗೋಡೆಯ ಏಳನೇ ತಲೆಯನ್ನು ನೋಡಿಕೊಂಡು ಎರಡು ದಿನದಲ್ಲಿ ಆ ಶಾಲೆಯ ಒಂಬತ್ತು ಹುಡುಗಿಯರಿಗೆ ಕೊಲೆಸೆ ಹೆಣೆದಿದ್ದಾರೆ. ಒಂಬತ್ತೂ ತಪ್ಪು. ಎಂಟು ಗಂಟೆಗೆ ಶಾಲೆಯ ಗಂಟೆ ಹೊಡೆಯುತ್ತದೆ.

ಇಯಾ ಕೂಗಾಡುವುದಿಲ್ಲ. ತೂಕಡಿಸುತ್ತಿದ್ದ ಮಗುವಿನ ಕೊನೆಯ ಜಡೆಯ ತುದಿಯನ್ನು ಮುಗಿಸಿ, ಅದರ ಕೆನ್ನೆ ತಟ್ಟಿ ಎಬ್ಬಿಸುತ್ತಾರೆ. ಎದ್ದು ನಿಂತವರು ಮತ್ತೆ ಕೂರುತ್ತಾರೆ, ಮತ್ತೆ ಏಳುತ್ತಾರೆ. ಒಳಗಿದ್ದ ರಲಿಯಾಳನ್ನು ಕರೆಯುತ್ತಾರೆ. ನಂತರ ಚಪ್ಪಲಿಯನ್ನೂ ಮೆಟ್ಟದೆ ಓಣಿಗಿಳಿದು ಒಂದೊಂದೇ ಬಾಗಿಲು ತಟ್ಟುತ್ತಾರೆ. ಎಲ್ಲ ಬಾಗಿಲಲ್ಲೂ ಒಂದೇ ಮಾತು: ನಾನು ವಾರ ತಪ್ಪಿಸಿದೆ, ಮಗುವನ್ನು ಕಳಿಸು, ಬರುತ್ತಾ ದಾರಿಯಲ್ಲೇ ಬಿಚ್ಚುತ್ತಾ ಬಾ. ಯಾರೂ ಬೈಯುವುದಿಲ್ಲ. ಒಬ್ಬ ತಾಯಿಗೆ ನಿನ್ನೆಯೇ ಅನುಮಾನ ಬಂದಿತ್ತಂತೆ, ಆದರೆ ಇಯಾಳ ಗೋಡೆಗಿಂತ ಶಾಲೆಯ ಕಾಗದವೇ ತಪ್ಪಿರಬೇಕೆಂದು ಸುಮ್ಮನಾದಳಂತೆ. ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಗಿತೆಂದು ಇಯಾ ಆಮೇಲೆ ಹೇಳುತ್ತಾರೆ.

ಆರೂಕಾಲಿಗೆ ಜಗಲಿ ತುಂಬಿದೆ. ಬಕೆಟ್ಟಿನ ಹುಡುಗಿ ಮನೆಗೆ ಹೋಗದೆ ತಾನು ತಂದ ನೀರನ್ನೇ ಮಕ್ಕಳ ತಲೆ ನೆನೆಸಲು ಕೊಟ್ಟು, ಮತ್ತೊಂದು ಬಕೆಟ್ಟಿಗೆ ಓಡಿದ್ದಾಳೆ. ಎದುರುಗಡೆ ಅಲಸಂದೆ ಬೋಂಡಾ ಕರಿಯುವ ಹೆಂಗಸು ಯಾರೂ ಕೇಳದಿದ್ದರೂ ಒಂದು ಕಾಗದದ ತುಂಬ ಬಿಸಿ ಅಕಾರಾ ತಂದು ಮಣೆಯ ಪಕ್ಕ ಇಟ್ಟುಹೋಗುತ್ತಾಳೆ. ಬಾಯಿಗೆ ಕೆಲಸವಿದ್ದರೆ ತಲೆ ಅಲ್ಲಾಡುವುದಿಲ್ಲವೆಂಬುದು ಅವಳಿಗೂ ಗೊತ್ತು.

ರಲಿಯಾ ಸೊಂಟಕ್ಕೆ ಬಟ್ಟೆ ಬಿಗಿದು ಲೆಕ್ಕ ಹೇಳುತ್ತಾಳೆ. ಎಂಟು ಸಾಲಿನ ಶುಕುವಿಗೆ ಅರ್ಧ ಗಂಟೆಯ ಮೇಲೆ ಬೇಕು. ಆರೇ ಸಾಲು ದಪ್ಪಗೆ ಹಾಕಿದರೆ ಇಪ್ಪತ್ತು ನಿಮಿಷ. ಶಾಲೆಯವರು ದಿಕ್ಕು ನೋಡುತ್ತಾರೆ, ಸಾಲು ಎಣಿಸುವುದಿಲ್ಲ. ಇಬ್ಬರ ಕೈ, ತಲಾ ನಾಲ್ಕು ತಲೆ, ಎಂಟು. ಒಂಬತ್ತನೆಯದಕ್ಕೆ ಹೊತ್ತಿಲ್ಲ.

"ಒಂಬತ್ತನೇದು ಮಾಡೋಕಿಲ್ಲ," ಎನ್ನುತ್ತಾರೆ ಇಯಾ. ಒಂಬತ್ತನೆಯದು ಅರಿನೋಲಾಳ ತಲೆ.

ಅರಿನೋಲಾ ಆರು ವರ್ಷದ ಹುಡುಗಿ. ಜಗಲಿಯ ಮೂಲೆಯಲ್ಲಿ ಕಂಬಕ್ಕೆ ಒರಗಿ, ಹಳದಿ ಬಟ್ಟೆಯೊಂದನ್ನು ಹುಬ್ಬಿನವರೆಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ನಿಂತಿದ್ದಾಳೆ. ಅವಳ ತಾಯಿ ಮೊಡುಪೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ವಾರವಾರ ಜಡೆಗೆ ಕೂರಿಸಲು ಸಮಯವಿರದೆ, ಎರಡು ವಾರ ತಡೆಯಲೆಂದು ಬೇರೊಬ್ಬರ ಹತ್ತಿರ ಬಿಗಿ ಜಡೆ ಹಾಕಿಸುತ್ತಿದ್ದಳು. ಹಣೆಯ ಚರ್ಮ ಎಳೆದು ಮಗು ಕಣ್ಣು ಮುಚ್ಚಲಾಗದಷ್ಟು ಬಿಗಿ. ಆಮೇಲೆ ಕಳೆದ ಅವಧಿಯ ಒಂದು ಸೋಮವಾರ, ಎರಡನೇ ವಾರದ ಹಳೇ ಜಡೆಯಲ್ಲಿ ಶಾಲೆಗೆ ಹೋದವಳನ್ನು ಗೋಡೆಯ ಬಳಿ ನಿಲ್ಲಿಸಿ ಒಣಗೂದಲನ್ನೇ ಬಾಚಣಿಗೆಯ ಬಾಲದಿಂದ ಬಿಚ್ಚಿದರು. ಬಿಗಿತಕ್ಕೆ ಮೊದಲೇ ಸಡಿಲವಾಗಿದ್ದ ಕಣತಲೆಯ ಕೂದಲು ಬುಡಸಮೇತ ಕೈಗೆ ಬಂತು. ಎರಡೂ ಕಡೆ, ಕಿವಿಯ ಮೇಲೆ, ಮೂರು ಬೆರಳಗಲ ಬರಿ ಚರ್ಮ. ಅಂದಿನಿಂದ ಅವಳು ತಲೆ ಮುಟ್ಟಲು ಯಾರಿಗೂ ಬಿಡಲಿಲ್ಲ.

ಇಯಾಳ ಹತ್ತಿರ ಕರೆತಂದಾಗ ಮೊದಲ ಮೂರು ಸಲ ಇಯಾ ಕೂಡ ಮುಟ್ಟಲಿಲ್ಲ. ತಮ್ಮ ಕಾಲಿನ ಹೆಬ್ಬೆರಳಿಗೆ ಕಪ್ಪು ನೂಲಿನ ಮೂರು ಎಳೆ ಕಟ್ಟಿ, ಹೆಣೆ ಎಂದು ಮಗುವಿನ ಕೈಗೆ ಕೊಟ್ಟರು. ಮೂರು ಮಧ್ಯಾಹ್ನ ಆ ಹುಡುಗಿ ಇಯಾಳ ಕಾಲ ಬುಡದಲ್ಲಿ ಕೂತು ನೂಲು ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಎಳೆದಾಗಲೆಲ್ಲ ಇಯಾ ಅಯ್ಯೋ ಎನ್ನುತ್ತಿದ್ದರು, ಮಗು ಸಡಿಲ ಮಾಡುತ್ತಿತ್ತು. ನಾಲ್ಕನೇ ಸಲ ತಾನಾಗಿಯೇ ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತು, ಈಗ ನೀನು, ನಾನು ಅಯ್ಯೋ ಅಂದರೆ ಬಿಡಬೇಕು ಎಂದಿತು.

ಅದಾಗಿ ಹತ್ತು ವಾರ. ನೀರು, ಬೆಣ್ಣೆ, ಬೆರಳು. ಕಣತಲೆಯ ಒಂದೆಳೆಯನ್ನೂ ಜಡೆಗೆ ಸೇರಿಸದೆ, ಒಳಗಿನ ಕೂದಲನ್ನಷ್ಟೇ ಸಡಿಲವಾಗಿ ಹೆಣೆದು, ಮಲಗುವಾಗ ಕಟ್ಟಿಕೊಳ್ಳಲು ನುಣುಪಿನ ಬಟ್ಟೆ ಕೊಟ್ಟು ಕಾದಿದ್ದಾರೆ. ಈಗ ಅಲ್ಲಿ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಸುರುಳಿ ಮೂಡಿವೆ. ಈ ಅವಧಿಯ ಮೊದಲ ಆರು ವಾರದ ಜಡೆಗಳನ್ನೆಲ್ಲ ಹೀಗೆ ಅಂಚು ಬಿಟ್ಟು ಹಾಕಬಹುದಿತ್ತು. ಶುಕು ಮಾತ್ರ ಹಾಗಲ್ಲ. ಅದು ಅಂಚಿನಿಂದಲೇ ಹುಟ್ಟಬೇಕು, ಮೇಲಕ್ಕೆ ಎಳೆಯಲೇಬೇಕು. ಎಂಟನೇ ವಾರ ಬರುವ ಮೊದಲು ತಾವೇ ಗುಡ್ಡ ಹತ್ತಿ ಹೆಡ್‌ಮಿಸ್ಟ್ರೆಸ್ಸನ್ನು ಕಂಡು ಮಾತಾಡುವುದೆಂದು ಇಯಾ ತೀರ್ಮಾನಿಸಿದ್ದರು. ಇನ್ನೂ ಒಂದು ವಾರ ಇದೆ ಎಂದುಕೊಂಡಿದ್ದರು.

"ಶುಕು ಬರೋದು ಬೇಡ ಅಂತ ಇವ್ರ ಮನಸ್ಸಲ್ಲಿ ಇತ್ತು, ಅದಕ್ಕೇ ವಾರ ತಪ್ಪಿದ್ದು," ಎಂದು ರಲಿಯಾ ಬೆರಳು ನಿಲ್ಲಿಸದೆ ಕೆಣಕುತ್ತಾಳೆ.

"ಇರಬಹುದು," ಎನ್ನುತ್ತಾರೆ ಇಯಾ. "ಆ ಗೋಡೆ ನೋಡುವಾಗೆಲ್ಲ ಎಂಟನೇ ತಲೆ ಮೇಲೆ ಕಣ್ಣು ನಿಲ್ತಾನೇ ಇರಲಿಲ್ಲ."

ಅವರ ಕೈ ಓಡುತ್ತಿದೆ. ಬಾಚಣಿಗೆಯ ಬಾಲದಿಂದ ಬೈತಲೆ ಗೀರಿ, ಮೂರೆಳೆ ಹಿಡಿದು, ಒಂದೊಂದು ಹೆಣಿಗೆಗೂ ಕೆಳಗಿನಿಂದ ಚೂರು ಚೂರೇ ಕೂದಲು ಸೇರಿಸಿಕೊಳ್ಳುತ್ತಾ ನೆತ್ತಿಯತ್ತ ಏರುವ ಬೆರಳುಗಳು. ಎಷ್ಟೇ ಅವಸರವಿದ್ದರೂ ಮೊದಲ ಹೆಣಿಗೆ ಮಾತ್ರ ನಿಧಾನ. ಸಡಿಲವಾಗಿ ಹುಟ್ಟಿಸಿ, ಎರಡು ಬೆರಳು ದಾಟಿದ ಮೇಲೆಯೇ ಬಿಗಿ. ಹೀಗೆ ಹಾಕಿದ ಜಡೆ ಐದು ದಿನಕ್ಕೆ ಮಸುಕಾಗುತ್ತದೆ. ಅದಕ್ಕೇ ಕೆಲವು ತಾಯಂದಿರು ಇಯಾಳನ್ನು ಬಿಟ್ಟು ಮುಖ್ಯರಸ್ತೆಯ ಕನ್ನಡಿ ಹಾಕಿದ ಜಡೆ ಅಂಗಡಿಗಳಿಗೆ ಹೋದದ್ದೂ ಉಂಟು. ಅಲ್ಲಿ ಹಾಕಿದ್ದು ಮೂರು ವಾರ ಅಲುಗುವುದಿಲ್ಲ. ವರ್ಷ ಕಳೆದ ಮೇಲೆ ಕೆಲವರು ತಿರುಗಿ ಬರುತ್ತಾರೆ, ಮಗುವಿನ ಹಣೆ ಯಾಕೆ ಇಷ್ಟು ದೊಡ್ಡದಾಗುತ್ತಿದೆ ಎಂದು ಕೇಳುತ್ತಾ.

ಆರೂಮುಕ್ಕಾಲಿಗೆ ಮೊಡುಪೆ ಬರುತ್ತಾಳೆ. ಬಿಳಿ ಸಮವಸ್ತ್ರ ಇನ್ನೂ ಮೈಮೇಲಿದೆ, ಕಣ್ಣು ಕೆಂಪಾಗಿದೆ. ಬಾಗಿಲು ತಟ್ಟಿದಾಗ ಅಜ್ಜಿ ಮಗುವನ್ನು ಕಳಿಸಿ, ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದ್ದಾಳೆ. ಎರಡು ತಲೆ ಮುಗಿದಿವೆ, ಎರಡು ನಡೆಯುತ್ತಿವೆ, ನಾಲ್ಕು ಕಾಯುತ್ತಿವೆ. ತನ್ನ ಮಗಳು ಕಾಯುವವರ ಸಾಲಿನಲ್ಲಿ ಇಲ್ಲದೆ ಕಂಬದ ಹತ್ತಿರ ಇರುವುದನ್ನು ಅವಳು ನೋಡುತ್ತಾಳೆ.

"ಇವಳದ್ದು ಯಾವಾಗ, ಇಯಾ?"

"ಇವಳದ್ದು ಬೇಡ. ನಿನ್ನೆ ಹಾಕಿದ್ದೇ ಇರಲಿ."

"ಬೇಡ ಅಂದ್ರೆ? ಮತ್ತೆ ಆ ಗೋಡೆ ಹತ್ರ ನಿಲ್ಲಿಸ್ತಾರೆ. ಮತ್ತೆ ಬಿಚ್ತಾರೆ. ಆವತ್ತು ಮನೆಗೆ ಬಂದೋಳು ಹೇಗಿದ್ಲು ಅಂತ ನಾನು ನೋಡಿದೀನಿ, ನೀವು ನೋಡಿಲ್ಲ."

"ಶುಕು ಹಾಕಿದ್ರೆ ಬುಧವಾರದ ಹೊತ್ತಿಗೆ ಆ ಎಳ್ಳೆಲ್ಲ ಉದುರುತ್ತೆ. ಎರಡನೇ ಸಲ ಉದುರಿದ್ರೆ ಮತ್ತೆ ಹುಟ್ಟುತ್ತೋ ಇಲ್ವೋ, ನೀನು ಆಸ್ಪತ್ರೆಯೋಳು, ನೀನೇ ಹೇಳು."

ಮನೆಯಲ್ಲೇ ಇಟ್ಟುಕೊಳ್ಳೋಣವೆಂದರೆ ಇಂದು ಪರೀಕ್ಷೆ, ಎನ್ನುತ್ತಾಳೆ ಮೊಡುಪೆ. ತನ್ನ ಬಾಚಣಿಗೆ ತೆಗೆದು ತಾನೇ ಹಾಕಿಬಿಡುವಂತೆ ಮಗಳ ಕಡೆ ಎರಡು ಹೆಜ್ಜೆ ಇಡುತ್ತಾಳೆ. ಅರಿನೋಲಾ ಕಂಬದ ಹಿಂದೆ ಸರಿಯುತ್ತಾಳೆ. ಅಲ್ಲಿಗೆ ಮೊಡುಪೆ ನಿಂತುಬಿಡುತ್ತಾಳೆ. ಅವಳ ದನಿ ತಗ್ಗುತ್ತದೆ, ಆದರೆ ಮಾತು ಹರಿತವಾಗುತ್ತದೆ.

"ವಾರ ತಪ್ಪಿಸಿದ್ದು ನೀವು. ಗೋಡೆ ಹತ್ರ ನಿಲ್ಲೋದು ನನ್ನ ಮಗುವಾ?"

ಕಾಯುತ್ತಿರುವ ನಾಲ್ವರು ಹುಡುಗಿಯರು ಅಕಾರಾ ಅಗಿಯುವುದನ್ನು ಮರೆತಿದ್ದಾರೆ. ಇಯಾ ಕೈಯಲ್ಲಿದ್ದ ಎಳೆ ಜಾರದಂತೆ ಹಲ್ಲಿನಲ್ಲಿ ನೂಲು ಕಚ್ಚಿ ಗಂಟು ಹಾಕುತ್ತಾರೆ.

"ಇಲ್ಲ," ಎನ್ನುತ್ತಾರೆ. "ನಾನು ನಿಲ್ತೀನಿ."

ಮೊಡುಪೆ ಎತ್ತಿದ್ದ ಬಾಚಣಿಗೆಯನ್ನು ಕೆಳಗಿಳಿಸುತ್ತಾಳೆ. ಗಡಿಯಾರ ನೋಡುತ್ತಾಳೆ. ಏಳಾಗಿದೆ. ಆಮೇಲೆ ಅವಳು ಮಾಡಿದ್ದನ್ನು ನಾನು ಬಹಳ ದಿನ ನೆನಪಿಟ್ಟುಕೊಳ್ಳುತ್ತೇನೆ. ಚಪ್ಪಲಿ ಬಿಟ್ಟು, ಬಿಳಿ ಸಮವಸ್ತ್ರದಲ್ಲೇ ಜಗಲಿಯ ಮಣ್ಣಿನ ಮೇಲೆ ಕುಳಿತು, ಕಾಯುತ್ತಿದ್ದ ಹುಡುಗಿಯರಲ್ಲಿ ಚಿಕ್ಕವಳನ್ನು ಮಡಿಲಿಗೆಳೆದು, ನೀರಲ್ಲಿ ಬೆರಳದ್ದಿ ಅವಳ ತಲೆಯಲ್ಲಿ ಇನ್ನೂ ಉಳಿದಿದ್ದ ಕೊಲೆಸೆ ಬಿಚ್ಚತೊಡಗುತ್ತಾಳೆ. ಬೇರೆಯವರ ಮಗು. ತುದಿಯಿಂದ ಬುಡಕ್ಕೆ, ಇಯಾ ಮಾಡುವಂತೆಯೇ, ನಿಧಾನವಾಗಿ.

ಇಯಾಳ ತಾಯಿಯೂ ಜಡೆ ಹಾಕುವವರೇ. ಇಡೀ ಊರಿನಲ್ಲೇ ಬಿಗಿ ಕೈ ಎಂದು ಹೆಸರು. ಅವರು ಹಾಕಿದ್ದು ತಿಂಗಳಾದರೂ ಅಲುಗುತ್ತಿರಲಿಲ್ಲವಂತೆ. ಸಬಿತಿಯು ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟು ತಾಯಿಯ ಪಕ್ಕ ಕೂತರು. ಹದಿನೇಳಕ್ಕೆ ಸ್ವಂತ ಮಣೆ. ಗಂಡ ಲಾರಿ ಓಡಿಸುತ್ತಿದ್ದವರು, ರಲಿಯಾಗೆ ಒಂಬತ್ತು ವರ್ಷವಿದ್ದಾಗ ಉತ್ತರದ ಹೆದ್ದಾರಿಯಲ್ಲಿ ತೀರಿಕೊಂಡರು. ನಾಲ್ಕು ಮಕ್ಕಳನ್ನು ಈ ಹತ್ತು ಬೆರಳು ಸಾಕಿವೆ. ಇದನ್ನೆಲ್ಲ ಅವರು ಹೇಳುವುದು ಐದನೇ ತಲೆಗೂ ಆರನೇ ತಲೆಗೂ ನಡುವೆ, ಹೆಬ್ಬೆರಳನ್ನು ಬಾಯಲ್ಲಿಟ್ಟು ಬಿಸಿ ಮಾಡಿಕೊಳ್ಳುತ್ತಾ. ಯಾವುದೂ ದೂರಿನಂತೆ ಕೇಳುವುದಿಲ್ಲ. ಕಷ್ಟ ಯಾವುದು ಎಂದು ನಾನು ನೇರವಾಗಿ ಕೇಳಿದ್ದಕ್ಕೆ, ಅಳುವ ಮಗು ಕಷ್ಟವಲ್ಲ, ಅಳುವುದನ್ನು ನಿಲ್ಲಿಸಿಬಿಟ್ಟ ಮಗು ಕಷ್ಟ ಎನ್ನುತ್ತಾರೆ. ಅಂಥದ್ದರ ತಲೆ ಕೈಗೆ ಕಲ್ಲಿನಂತೆ ಸಿಗುತ್ತದಂತೆ.

ಏಳೂ ನಲವತ್ತಕ್ಕೆ ಎಂಟನೇ ಬುಟ್ಟಿಯ ಗಂಟು ಬೀಳುತ್ತದೆ. ಮಕ್ಕಳು ಗುಂಪಾಗಿ ಗುಡ್ಡದ ಕಡೆ ಓಡುತ್ತಾರೆ, ಒಬ್ಬಳ ಕೈಯಲ್ಲಿ ಇನ್ನೊಬ್ಬಳ ಚೀಲ. ಇಯಾ ಮುಖ ತೊಳೆದು, ಶುಕ್ರವಾರ ಉಡುವ ಹಸಿರು ಉಡುಪು ಉಟ್ಟು, ನೀಲಿ ತಲೆವಸ್ತ್ರವನ್ನು ಇನ್ನಷ್ಟು ಬಿಗಿದು ಹೊರಬರುತ್ತಾರೆ. ಅರಿನೋಲಾ ಒಂದು ಕೈಯಲ್ಲಿ ಅವರ ಉಡುಪಿನ ಅಂಚು ಹಿಡಿಯುತ್ತಾಳೆ, ಇನ್ನೊಂದು ತನ್ನ ಹಳದಿ ಬಟ್ಟೆಯ ಮೇಲೆ. ನಾನೂ ಹಿಂದೆ ನಡೆಯುತ್ತೇನೆ. ಗಾಳಿ ಧೂಳೆಬ್ಬಿಸುತ್ತಲೇ ಇದೆ. ಇಯಾ ಒಂದೇ ಸಮನೆ ಬೆರಳು ಆಡಿಸುತ್ತಿದ್ದಾರೆ, ಗಾಳಿಯಲ್ಲೇ ಏನನ್ನೋ ಹೆಣೆಯುತ್ತಿರುವಂತೆ. ಶಾಲೆಯ ಗೇಟಿನೊಳಗೆ ಕಾಲಿಡುವುದು ಅವರಿಗೆ ನಲವತ್ತೆಂಟು ವರ್ಷದಲ್ಲಿ ಇದೇ ಮೊದಲಂತೆ. ಗೇಟಿನವರೆಗೆ ಎಷ್ಟೋ ಸಲ ಬಂದಿದ್ದಾರೆ.

ಗೇಟಿನೊಳಗೆ ತಲೆಗೆ ಬಟ್ಟೆ ಕೂಡದು. ಅರಿನೋಲಾ ಅಲ್ಲೇ ನಿಂತು ಯೋಚಿಸುತ್ತಾಳೆ. ಇಯಾ ಅವಸರ ಮಾಡುವುದಿಲ್ಲ. ಆಮೇಲೆ ಹುಡುಗಿ ತಾನೇ ಗಂಟು ಬಿಚ್ಚಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಯಾಳ ಕೈಗೆ ಕೊಟ್ಟು, ಎರಡೂ ಅಂಗೈಗಳಿಂದ ಕಣತಲೆ ಮುಚ್ಚಿಕೊಳ್ಳುತ್ತಾಳೆ.

ಮುನ್ನೂರು ಬುಟ್ಟಿ ತಲೆಗಳು ಸಾಲಾಗಿ ನಿಂತಿವೆ. ತಪ್ಪು ಜಡೆಯವರು ನಾಲ್ವರು ಗೋಡೆಯ ಬಳಿ ಇದ್ದಾರೆ. ಅರಿನೋಲಾ ಐದನೆಯವಳು. ಅವಳ ಪಕ್ಕದಲ್ಲಿ, ಬೆನ್ನನ್ನು ಗೋಡೆಗೆ ಕೊಟ್ಟು, ಇಯಾ ಆರನೆಯವರಾಗಿ ನಿಲ್ಲುತ್ತಾರೆ. ಮಕ್ಕಳ ನಡುವೆ ಸಣ್ಣ ಗುಜುಗುಜು ಏಳುತ್ತದೆ.

ಆ ದಿನದ ಸರತಿಯ ಟೀಚರು ಇಪ್ಪತ್ತೈದು ದಾಟದ ಹುಡುಗಿ. ಬಾಚಣಿಗೆ ಹಿಡಿದು ಸಾಲಿನ ಆ ತುದಿಗೆ ಬಂದವಳು ಇಯಾಳನ್ನು ಕಂಡು ನಿಲ್ಲುತ್ತಾಳೆ. ಈ ಊರಿನಲ್ಲಿ ಹಿರಿಯರ ಮುಂದೆ ಮೊಣಕಾಲೂರಿ ನಮಸ್ಕರಿಸದೆ ಮುಂದೆ ಹೋಗುವಂತಿಲ್ಲ. ಟೀಚರು ಮೊಣಕಾಲೂರುತ್ತಾಳೆ. ಇಯಾ ಹರಸುತ್ತಾರೆ, ಕೆಲಸ ಚೆನ್ನಾಗಿ ನಡೆಯಲಿ ಎನ್ನುತ್ತಾರೆ, ಜಾಗ ಬಿಟ್ಟು ಮಾತ್ರ ಕದಲುವುದಿಲ್ಲ. ಹಿರಿಯರೊಬ್ಬರು ಶಿಕ್ಷೆಯ ಸಾಲಿನಲ್ಲಿ ನಿಂತಿರುವಾಗ ಆ ಸಾಲಿನಲ್ಲಿ ಯಾರ ಜಡೆಯನ್ನು ಬಿಚ್ಚುವುದು? ಟೀಚರು ಬಾಚಣಿಗೆಯನ್ನು ಬೆನ್ನ ಹಿಂದೆ ಹಿಡಿದು ಕಚೇರಿಯ ಕಡೆ ನೋಡುತ್ತಾಳೆ.

ಹೆಡ್‌ಮಿಸ್ಟ್ರೆಸ್ ಬರುತ್ತಾರೆ. ನಡುವಯಸ್ಸಿನವರು, ಚುರುಕು ನಡಿಗೆ. ಅವರೂ ಬಾಗಿ ನಮಸ್ಕರಿಸುತ್ತಾರೆ, ಆದರೆ ಮುಖ ಸಡಿಲವಾಗುವುದಿಲ್ಲ.

"ಹಿರಿಯರು ಇಲ್ಲಿ ನಿಲ್ಲಬಾರದು, ಇಯಾ. ಒಳಗೆ ಕುರ್ಚಿ ಇದೆ."

"ತಪ್ಪು ಮಾಡಿದೋರು ನಿಲ್ಲೋ ಗೋಡೆ ತಾನೇ ಇದು. ರಜಾ ವಾರ ಎಣಿಸದೆ ಬಿಟ್ಟಿದ್ದು ನಾನು. ಈ ಮಗು ಅಲ್ಲ."

"ನಿಮ್ಮ ಓಣಿಯ ಎಂಟು ಮಕ್ಕಳು ಈಗ ತಾನೇ ಓಡಿ ಬಂದ್ವು, ತಲೆ ಇನ್ನೂ ಒದ್ದೆ. ಎಂಟು ಸರಿ ಮಾಡಿದೋರು ಇದೊಂದನ್ನ ಯಾಕೆ ಬಿಟ್ರಿ? ಒಬ್ಬರಿಗೆ ಬಿಟ್ಟರೆ ನಾಳೆ ನೂರು ಜನ ಬರ್ತಾರೆ."

ಇಯಾ ಅರಿನೋಲಾಳ ಕಡೆ ಬಾಗಿ, ತೋರಿಸಲೇ ಎಂದು ಕಿವಿಯಲ್ಲಿ ಕೇಳುತ್ತಾರೆ. ಮಗು ತಲೆ ಅಲ್ಲಾಡಿಸುತ್ತದೆ, ಬೇಡ ಎಂದು. ಇಯಾ ಆಗಲಿ ಎನ್ನುತ್ತಾರೆ. ನಂತರ ಸಾಲಾಗಿ ನಿಂತ ಮಕ್ಕಳಿಗೆ ಬೆನ್ನು ತಿರುಗಿಸಿ, ಹೆಡ್‌ಮಿಸ್ಟ್ರೆಸ್‌ಗೆ ಎದುರಾಗಿ, ತಮ್ಮ ನೀಲಿ ವಸ್ತ್ರದ ಅಂಚಿಗೆ ಹೆಬ್ಬೆರಳು ತೂರಿಸಿ ಕಿವಿಯ ಮೇಲಕ್ಕೆ ಸರಿಸುತ್ತಾರೆ. ನಾನು ಪಕ್ಕದಲ್ಲೇ ಇದ್ದೆ. ಕಣತಲೆಯಿಂದ ನಡುನೆತ್ತಿಯ ಹತ್ತಿರದವರೆಗೆ ನುಣ್ಣಗೆ ಹೊಳೆಯುವ ಬರಿ ಚರ್ಮ. ಒಂದೆಳೆಯೂ ಇಲ್ಲ.

"ನಮ್ಮಮ್ಮ ಶುಕು ಹಾಕಿದ್ರೆ ತಿಂಗಳು ಇರ್ತಿತ್ತು," ಎನ್ನುತ್ತಾರೆ ಇಯಾ, ಮೆಲ್ಲಗೆ. "ನಂಗೂ ಆರು ವರ್ಷ. ಒಂದು ಸಲ ಉದುರ್ತು, ಬಂತು. ಇನ್ನೊಂದು ಸಲ ಉದುರ್ತು, ಬರಲಿಲ್ಲ. ಈ ಮಗೂದು ಈಗ ತಾನೇ ಬರ್ತಿದೆ. ನಿಯಮ ನಿಮ್ಮದು. ಬಿಚ್ಚಲೇಬೇಕು ಅಂದ್ರೆ ನನ್ನ ಬಟ್ಟೆ ಬಿಚ್ಚಿ, ಎಲ್ಲರೂ ನೋಡಲಿ."

ಹೆಡ್‌ಮಿಸ್ಟ್ರೆಸ್ ತಾವೇ ಕೈ ಚಾಚಿ ಇಯಾಳ ವಸ್ತ್ರದ ಅಂಚನ್ನು ಮೊದಲಿದ್ದಲ್ಲಿಗೆ, ಹಣೆಯ ಅರ್ಧದವರೆಗೆ, ಎಳೆದು ಸರಿಮಾಡುತ್ತಾರೆ. ತಮ್ಮ ಸ್ವಂತ ತಾಯಿಗೆ ಮಾಡುವಂತೆ ಮಾಡುತ್ತಾರೆ. ಟೀಚರಿನ ಕಡೆ ತಿರುಗಿ, ಗೋಡೆಯ ಬಳಿ ಇರುವ ಐವರೂ ತರಗತಿಗೆ ಹೋಗಲಿ, ಇವತ್ತು ಪರೀಕ್ಷೆ ಇದೆ ಎನ್ನುತ್ತಾರೆ. ಅರಿನೋಲಾಗೆ ಕೂದಲು ತುಂಬುವವರೆಗೆ ಶುಕು ಬೇಡ, ತಾಯಿ ಒಂದು ಚೀಟಿ ಬರೆದು ಕಳಿಸಲಿ.

ಇಯಾ ಆಗಲೂ ಹೊರಡುವುದಿಲ್ಲ.

"ಇನ್ನೊಂದು ಮಾತಿದೆ. ಹದಿಮೂರು ವಾರದಲ್ಲಿ ಒಂದು ವಾರ ಖಾಲಿ ಬಿಡಿ. ಯಾವ ಜಡೇನೂ ಬೇಡ. ತೊಳೆದು, ಬೆಣ್ಣೆ ಹಚ್ಚಿ, ಸುಮ್ಮನೆ ಬರಲಿ ಮಕ್ಕಳು. ತಲೆಗೂ ಒಂದು ರಜಾ."

"ಆ ವಾರ ನಿಮಗೆ ಕೆಲಸ ಇರಲ್ವಲ್ಲ, ಇಯಾ."

"ನನ್ನ ಹೆಬ್ಬೆರಳಿಗೂ ರಜಾ."

ಹೆಡ್‌ಮಿಸ್ಟ್ರೆಸ್ ನಗುತ್ತಾರೆ. ಮುಂದಿನ ಅವಧಿಯ ಪಟ್ಟಿ ಮಾಡುವಾಗ ನೋಡೋಣ ಎನ್ನುತ್ತಾರೆ. ಹೂಂ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಅಷ್ಟರಲ್ಲಿ ಅರಿನೋಲಾ ತರಗತಿಯ ಮೆಟ್ಟಿಲು ಹತ್ತಿದ್ದಾಳೆ. ಬಾಗಿಲಲ್ಲಿ ಬುಟ್ಟಿ ಜಡೆಯ ಗೆಳತಿಯೊಬ್ಬಳು ಅವಳ ಕಣತಲೆಯತ್ತ ಬೆರಳು ತೋರಿಸಿ ಏನೋ ಕೇಳುತ್ತಾಳೆ. ಅರಿನೋಲಾ ಸ್ವಲ್ಪ ಯೋಚಿಸಿ, ತಲೆಯನ್ನು ವಾರೆ ಮಾಡಿ, ಒಂದೇ ಒಂದು ಬೆರಳಿನಿಂದ ಮುಟ್ಟಲು ಬಿಡುತ್ತಾಳೆ.

ನಾವು ತಿರುಗಿ ಬರುವಾಗ ಬಿಸಿಲೇರಿದೆ. ಜಗಲಿಯಲ್ಲಿ ಮೊಡುಪೆ ಕೈಯಲ್ಲಿ ಬಾಚಣಿಗೆ ಹಿಡಿದೇ ಬೆಂಚಿನ ಮೇಲೆ ನಿದ್ದೆಹೋಗಿದ್ದಾಳೆ. ಬಿಳಿ ಸಮವಸ್ತ್ರದ ಮಡಿಲಲ್ಲಿ ಬೇರೆಯವರ ಮಕ್ಕಳ ಕೂದಲೆಳೆಗಳು. ಇಯಾ ಅವಳನ್ನು ಎಬ್ಬಿಸುವುದಿಲ್ಲ. ಮಗುವಿನ ಹಳದಿ ಬಟ್ಟೆಯನ್ನು ಬಿಡಿಸಿ ಅವಳ ಮುಖಕ್ಕೆ ಬಿಸಿಲು ಬೀಳದಂತೆ ಹೊದಿಸುತ್ತಾರೆ. ರಲಿಯಾಗೆ ಸನ್ನೆಯಲ್ಲೇ ಎಲ್ಲ ಸರಿಯಾಯಿತೆಂದು ಹೇಳುತ್ತಾರೆ.

ಆಮೇಲೆ ಒಲೆಯ ಪಕ್ಕದಿಂದ ಇದ್ದಿಲಿನ ಚೂರು ತಂದು ಗೋಡೆಯ ಮುಂದೆ ನಿಲ್ಲುತ್ತಾರೆ. ಗುಡ್ಡದ ಶಾಲೆಯ ಸಾಲಿನಲ್ಲಿ ಏಳನೇ ತಲೆಯ ಮೇಲೆ ಅಡ್ಡಗೀಟು ಎಳೆಯುತ್ತಾರೆ. ಎಂಟನೆಯದನ್ನು ಬೆರಳಿನಿಂದ ತಟ್ಟುತ್ತಾರೆ. ಹದಿಮೂರನೆಯದು ಮುಗಿದ ಮೇಲೆ ಗೋಡೆಯಲ್ಲಿ ಇನ್ನೂ ಒಂದು ಗೇಣು ಜಾಗವಿದೆ. ಮುಂದಿನ ಅವಧಿಯ ಸಾಲು ಶುರುವಾಗುವ ಜಾಗ. ಅಲ್ಲಿ ಅವರು ಒಂದು ತಲೆ ಬರೆಯುತ್ತಾರೆ. ಎರಡು ಕಿವಿ ಇಡುತ್ತಾರೆ. ಒಳಗೆ ಗೆರೆ ಎಳೆಯುವುದಿಲ್ಲ.

ಅವರಿನ್ನೂ ಒಪ್ಪಿಲ್ಲವಲ್ಲ, ನೋಡೋಣ ಎಂದರಷ್ಟೇ, ಎನ್ನುತ್ತೇನೆ ನಾನು.

ಇಯಾ ಇದ್ದಿಲಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮಣೆಯ ಹಿಂದೆ ಕೂರುತ್ತಾರೆ. ಹೆಬ್ಬೆರಳು 'ಟಕ್' ಎನ್ನುವವರೆಗೆ ಮಡಚಿ, ಬಿಡಿಸುತ್ತಾರೆ.

"ಪಟ್ಟಿ ಅವ್ರದ್ದು, ಮಾ. ಗೋಡೆ ನಂದಲ್ವಾ."